ಕರುಳು ತಿರುಚಿದ ಮಳೆಗಾಲ: ಅಪ್ಪಯ್ಯನ ಆರೈಕೆಯ ಆರು ತಿಂಗಳು

ಎರಡನೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಅಪ್ಪಯ್ಯನನ್ನು ಹುಬ್ಬಳ್ಳಿಯಿಂದ ಮನೆಗೆ ಕರೆತಂದು ಇಂದಿಗೆ ಹನ್ನೆರಡು ದಿನ. ಜುಲೈ ಮಳೆಯಲ್ಲಿ ಶುರುವಾದದ್ದು ಜನವರಿಯ ಚಳಿಯಲ್ಲಿ ಮುಗಿಯಿತು. ನಡುವಿನ ಆರು ತಿಂಗಳು ಅವನ ಹೊಟ್ಟೆಯ ಎಡಬದಿಯಲ್ಲಿ ಮಲ ತುಂಬಿಕೊಳ್ಳುವ ಒಂದು ಚೀಲ ಅಂಟಿಕೊಂಡಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಶಿರಸಿಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು ನಾನು. ಕರುಳಿನ ವಿಷಯ ಏನೂ ತಿಳಿದಿರಲಿಲ್ಲ. ಅಂದು ಯಾರಾದರೂ ಎದುರಿಗೆ ಕೂತು ಹೇಳಿದ್ದರೆ ಎಷ್ಟೋ ರಾತ್ರಿಗಳ ಗಾಬರಿ ತಪ್ಪುತ್ತಿತ್ತು ಎನಿಸುವ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಡಿಕೆಗೆ ಎರಡನೆಯ ಸುತ್ತಿನ ಕೊಳೆರೋಗದ ಔಷಧ ಹೊಡೆಯುವ ದಿನಗಳು. ಅಪ್ಪಯ್ಯನಿಗೆ ಎರಡು ದಿನದಿಂದ ಹೊಟ್ಟೆ ಸರಿಯಿರಲಿಲ್ಲ. ಅರವತ್ತೊಂಬತ್ತರ ವಯಸ್ಸು, ಮಲಬದ್ಧತೆ ಹಳೆಯ ಸಂಗಾತಿ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಯಿ, ಅಂದರೆ ಅಮ್ಮ, ಜೀರಿಗೆ ಕಷಾಯ ಕೊಟ್ಟಳು, ಇಂಗು ಕದಡಿ ಹೊಕ್ಕುಳಿಗೆ ಹಚ್ಚಿದಳು. ಎರಡನೆಯ ದಿನ ಸಂಜೆ ನಾನೇ ಎರಡು ಚಮಚ ಹರಳೆಣ್ಣೆ ಕುಡಿಸಿದೆ. ಅದೇ ನಾವು ಮಾಡಿದ ದೊಡ್ಡ ತಪ್ಪು. ಮಲವೂ ಇಲ್ಲ, ಹೂಸೂ ಇಲ್ಲ, ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿದಿದೆ, ನೋವು ಬಿಟ್ಟು ಬಿಟ್ಟು ಬರುತ್ತಿದೆ ಎಂದರೆ ದಾರಿ ಮುಚ್ಚಿದೆ ಎಂದು ಅರ್ಥ. ಮುಚ್ಚಿದ ದಾರಿಗೆ ಭೇದಿ ಔಷಧ ಕೊಟ್ಟರೆ ಒಳಗಿನ ಒತ್ತಡ ಏರಿ ಕರುಳು ಒಡೆಯುವ ಅಪಾಯವಿದೆ. ಅಂಥ ಹೊತ್ತಿನಲ್ಲಿ ಎಣ್ಣೆ, ಕಷಾಯ, ಎನಿಮಾ ಯಾವುದನ್ನೂ ಕೊಡದೆ ಗಾಡಿ ಹೊರಡಿಸಬೇಕು. ರಾತ್ರಿ ಒಂಬತ್ತೂವರೆಗೆ ಹಸಿರು ವಾಂತಿಯಾದಾಗ ಗಾಡಿ ಹೊರಡಿಸಿದೆವು.

ಶಿರಸಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದ ವೈದ್ಯರು ಅದನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಹೊಟ್ಟೆಯ ತುಂಬ ದೊಡ್ಡದೊಂದು ಕಾಫಿ ಬೀಜ, ನಡುವೆ ಒಂದು ಗೆರೆ. ದೊಡ್ಡ ಕರುಳಿನ ಕೊನೆಯ ಭಾಗ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿರುತ್ತದಂತೆ. ಆ ಬಾಗು ಉದ್ದವಾಗಿ, ಜೋತುಬಿದ್ದು, ತನ್ನದೇ ಬುಡದ ಸುತ್ತ ತಿರುಚಿಕೊಂಡರೆ ಗಾಳಿ ಒಳಗೇ ಸಿಕ್ಕಿ ಈ ಆಕಾರಕ್ಕೆ ಉಬ್ಬುತ್ತದೆ. ಸಿಗ್ಮಾಯ್ಡ್ ವಾಲ್ವ್ಯುಲಸ್ ಎಂದು ಹೆಸರು. "ರಕ್ತ ಓಡಾಟ ನಿಂತಿದ್ದರೆ ಕರುಳು ಕಪ್ಪಾಗುತ್ತದೆ, ಕಾಯುವ ಹಾಗಿಲ್ಲ, ಇಲ್ಲಿ ಐಸಿಯು ಸಹಿತ ಈ ಶಸ್ತ್ರಚಿಕಿತ್ಸೆ ಆಗುವುದಿಲ್ಲ" ಎಂದರು.

ನಮ್ಮ ಜಿಲ್ಲೆಯವರಿಗೆ ಈ ಮಾತು ಹೊಸದಲ್ಲ. ದೊಡ್ಡ ಚಿಕಿತ್ಸೆ ಎಂದರೆ ಕರಾವಳಿಯವರು ಮಣಿಪಾಲ, ಮಂಗಳೂರಿಗೋ ಗೋವಾಕ್ಕೋ, ಘಟ್ಟದ ಮೇಲಿನವರು ಹುಬ್ಬಳ್ಳಿಗೋ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತದ್ದನ್ನು ಮರೆಯಲು ಸಾಧ್ಯವೇ? ಆ ರಾತ್ರಿ ಮುಂಡಗೋಡ ದಾಟುವ ತನಕ ನನ್ನ ಕಣ್ಣ ಮುಂದೆ ಅದೇ ಇತ್ತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಆದರೆ ಮಳೆಗಾಲದ ಮಧ್ಯರಾತ್ರಿ ಘಟ್ಟ ಇಳಿಯುವುದು ಬೇಡ ಎಂದು ವೈದ್ಯರೇ ಹೇಳಿದರು. ಹುಬ್ಬಳ್ಳಿ ನೂರು ಕಿಲೋಮೀಟರ್, ರಸ್ತೆ ಬಯಲು. 108 ಬೇರೆ ರೋಗಿಯ ಕಡೆ ಹೋಗಿತ್ತು. ಒಂದೂವರೆ ತಾಸು ಕಾದು ಖಾಸಗಿ ಆಂಬುಲೆನ್ಸ್ ಹಿಡಿದೆವು, 5,500 ರೂಪಾಯಿ.

ಹೊರಡುವ ಮೊದಲು ಶಿರಸಿಯ ಸಿಸ್ಟರ್ ಒಬ್ಬರು ಅಪ್ಪಯ್ಯನ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಊಟ ಕೊಡಲಿಕ್ಕೆ ಎಂದುಕೊಂಡಿದ್ದೆ. ಅಲ್ಲ, ಒಳಗೆ ತುಂಬಿದ್ದನ್ನು ಹೊರಗೆ ಬಿಡಲಿಕ್ಕೆ. ಚೀಲಕ್ಕೆ ಹಸಿರು ನೀರು ಇಳಿಯಿತು, ಅಪ್ಪಯ್ಯನ ಉಸಿರು ಸ್ವಲ್ಪ ಹಗುರಾಯಿತು. ಅವರು ನನ್ನ ಕೈಗೆ ಒಂದು ಚೀಟಿ ಕೊಟ್ಟು, "ಎಷ್ಟು ಬಂತು, ಯಾವ ಬಣ್ಣ, ಎಷ್ಟು ಹೊತ್ತಿಗೆ, ಬರೆದುಕೊಳ್ಳಿ. ಅಲ್ಲಿ ಮೊದಲು ಕೇಳುವುದು ಅದನ್ನೇ" ಎಂದರು. ಚೀಟಿ ಒದ್ದೆಯಾಯಿತು. ಆಯಿ ಮನೆಯಿಂದ ಆಧಾರ್ ಕಾರ್ಡುಗಳ ಜೊತೆ ತುರುಕಿಕೊಂಡು ತಂದಿದ್ದ ಅಪ್ಪಯ್ಯನ ತೋಟದ ಲೆಕ್ಕದ ಪುಸ್ತಕ ಕೈಗೆ ಸಿಕ್ಕಿತು. ಎಡಪುಟದಲ್ಲಿ ಅವನ ದುಂಡು ಅಕ್ಷರ: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಬಲಪುಟದಲ್ಲಿ ನಾನು ಬರೆದೆ: ರಾತ್ರಿ 12.50, ಹಸಿರು, 600 ಮಿ.ಲೀ. ಆ ಪುಸ್ತಕ ಮುಂದೆ ಆರು ತಿಂಗಳು ನನ್ನ ಕೈಬಿಡಲಿಲ್ಲ.

ಹುಬ್ಬಳ್ಳಿ ತಲುಪಿದಾಗ ನಾಲ್ಕು ಗಂಟೆ. ಸಿಟಿ ಸ್ಕ್ಯಾನ್, ರಕ್ತಪರೀಕ್ಷೆ, ಸಹಿಗಳು. ಕರುಳು ಇನ್ನೂ ಚೆನ್ನಾಗಿದ್ದರೆ ಗುದದ್ವಾರದಿಂದ ಕೊಳವೆ ಹಾಕಿ ತಿರುಚನ್ನು ಬಿಚ್ಚುತ್ತಾರಂತೆ. ಅಪ್ಪಯ್ಯನದು ಆ ಹಂತ ದಾಟಿತ್ತು. ಏಳು ಗಂಟೆಗೆ ಒಳಗೆ ಕರೆದೊಯ್ದರು. ಕೊಳೆತ ಭಾಗ ಕತ್ತರಿಸಿ, ಮೇಲಿನ ತುದಿಯನ್ನು ಹೊಟ್ಟೆಯ ಚರ್ಮಕ್ಕೆ ತಂದು ಬಾಯಿ ಮಾಡಿ, ಕೆಳಗಿನ ತುದಿಯನ್ನು ಒಳಗೇ ಹೊಲಿದು ಮುಚ್ಚುವುದು. ಈ ಬಾಯಿಗೆ ಸ್ಟೋಮಾ ಎಂದೂ ಈ ವ್ಯವಸ್ಥೆಗೆ ಕೊಲೊಸ್ಟಮಿ ಎಂದೂ ಹೆಸರು. ಸಹಿ ಹಾಕುವಾಗ "ತಾತ್ಕಾಲಿಕ" ಎಂಬ ಒಂದು ಶಬ್ದ ಮಾತ್ರ ನನ್ನ ತಲೆಗೆ ಹೋಯಿತು.

ಒಳಗೆ ಅದು ನಡೆಯುತ್ತಿರುವಾಗ ಹೊರಗೆ ನನ್ನದು ಕಾಗದದ ಓಟ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ವೆಚ್ಚದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಇವು ಮೂರು ಬೇಕು. ತುರ್ತು ಇದ್ದರೆ ಪತ್ರವಿಲ್ಲದೆಯೂ ದಾಖಲಾಗಬಹುದು. ನಮ್ಮಲ್ಲಿ ಶಿರಸಿಯ ಪತ್ರವಿದ್ದುದರಿಂದ ಕೆಲಸ ಸಲೀಸಾಯಿತು. ಆದರೆ ಬೆರಳಚ್ಚಿನಲ್ಲಿ ಸಿಕ್ಕಿಕೊಂಡೆವು. ನಲವತ್ತೈದು ವರ್ಷ ಅಡಿಕೆ ಸುಲಿದ ಕೈ. ಹೆಬ್ಬೆರಳ ಗೆರೆಗಳು ಸವೆದಿವೆ, ಉಳಿದ ಸೀಳುಗಳಲ್ಲಿ ಚೊಗರಿನ ಕಪ್ಪು ಕೂತಿದೆ. ಪ್ರಜ್ಞೆ ಸರಿಯಾಗಿ ಬಾರದ ಮನುಷ್ಯನ ಬೆರಳುಗಳನ್ನು ಒಂದೊಂದಾಗಿ ಯಂತ್ರದ ಮೇಲೆ ಒತ್ತಿದರು, ಹತ್ತೂ ಒಪ್ಪಲಿಲ್ಲ. ಒಟಿಪಿ ತರಿಸೋಣ ಎಂದರೆ ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮೂರು ವರ್ಷದ ಹಿಂದೆಯೇ ಬಂದ್ ಆಗಿತ್ತು. ಮರುದಿನ ಕಣ್ಣಿನ ಗುರುತಿನ ಯಂತ್ರ ತಂದ ಮೇಲೆ ಒಪ್ಪಿಗೆ ಬಂತು. ಅಷ್ಟರಲ್ಲಿ ಹೊರಗಿನ ಔಷಧ ಅಂಗಡಿಗೆ 9,000 ರೂಪಾಯಿ ಹೋಗಿತ್ತು. ಮನೆಯಲ್ಲಿ ಹಿರಿಯರಿದ್ದರೆ ಅವರ ಆಧಾರಿನ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಬೆರಳು ಒಪ್ಪದವರಿಗೆ ಅದು ಬೇಗ ಕೈಗೆ ಸಿಗುವ ದಾರಿ.

ವಾರ್ಡಿನ ಹನ್ನೊಂದು ದಿನಗಳಲ್ಲಿ ನಾನು ನಿಜವಾಗಿ ಕಲಿತದ್ದು ವೈದ್ಯರಿಂದಲ್ಲ, ಸಿಸ್ಟರುಗಳಿಂದ. ವೈದ್ಯರು ದಿನಕ್ಕೆ ಎರಡು ಸಲ ಬಂದು ಹೋಗುತ್ತಾರೆ. ಉಳಿದ ಇಪ್ಪತ್ತಮೂರು ತಾಸು ರೋಗಿಯನ್ನು ಕಾಯುವುದು ಶುಶ್ರೂಷೆ. ಆದರೆ ನಲವತ್ತು ಹಾಸಿಗೆಗೆ ರಾತ್ರಿ ಇಬ್ಬರೇ ಇದ್ದರು. ಜೊತೆಗಿರುವವರು ಕೈ ಜೋಡಿಸದಿದ್ದರೆ ಆಗದು.

ಮೊದಲ ಮೂರು ದಿನ ಬಾಯಿಗೆ ಏನೂ ಇಲ್ಲ. ಅಪ್ಪಯ್ಯ ಕೇಳುತ್ತಿದ್ದದ್ದು ನೀರು ಒಂದನ್ನೇ. "ತಮ್ಮಾ, ಒಂದು ಗುಟುಕು. ಯಾರಿಗೂ ಹೇಳುವುದಿಲ್ಲ." ಅಂಗಲಾಚುವ ತಂದೆಗೆ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಪಕ್ಕದ ಹಾಸಿಗೆಯವರ ಮನೆಯವರು ಕರುಣೆಯಿಂದ ಎಳನೀರು ಕೊಡಿಸಿಬಿಟ್ಟರು. ಆ ರೋಗಿಗೆ ವಾಂತಿಯಾಗಿ ತೆಗೆದ ನಳಿಕೆಯನ್ನು ಮತ್ತೆ ಹಾಕಬೇಕಾಯಿತು. ಸಿಸ್ಟರ್ ತೋರಿಸಿಕೊಟ್ಟಂತೆ ಹತ್ತಿಬಟ್ಟೆಯನ್ನು ನೀರಿಗೆ ಅದ್ದಿ, ಹಿಂಡಿ, ತುಟಿ ನಾಲಿಗೆ ಒಸಡು ಒರೆಸುತ್ತಿದ್ದೆ, ತಾಸಿಗೊಮ್ಮೆ. ನಳಿಕೆ ತಾಗುವ ಮೂಗಿನ ಅಂಚು ಹುಣ್ಣಾಗದಂತೆ ಟೇಪಿನ ಜಾಗ ಬದಲಿಸುವುದು, ತಲೆಯ ಕಡೆ ಹಾಸಿಗೆ ಎತ್ತರಿಸುವುದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಅವುಚಿ ಹಿಡಿದುಕೊಳ್ಳಬೇಕು, ಆಗ ಹೊಲಿಗೆಗೆ ಎಳೆತ ಕಡಿಮೆ. ಮೂರು ಚೆಂಡುಗಳ ಉಸಿರಾಟದ ಆಟಿಕೆ ಕೊಟ್ಟಿದ್ದರು. ಮಕ್ಕಳಾಟವೆಂದು ಅಪ್ಪಯ್ಯ ಪಕ್ಕಕ್ಕಿಟ್ಟ. ನೋವಿಗೆ ಹೆದರಿ ಮೇಲುಮೇಲೆ ಉಸಿರಾಡಿದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ ಎಂದು ಹಿರಿಯ ಸಿಸ್ಟರ್ ಗದರಿದ ಮೇಲೆ ಊದತೊಡಗಿದ. ಊದುವುದಲ್ಲ, ಒಳಗೆ ಎಳೆಯುವುದು; ಅದನ್ನೂ ಎರಡು ದಿನ ತಪ್ಪಾಗಿ ಮಾಡಿದ್ದೆವು. ಎರಡನೆಯ ದಿನವೇ ಎಬ್ಬಿಸಿ ಕೂರಿಸಿದರು, ಮೂರನೆಯ ದಿನ ನಾಲ್ಕು ಹೆಜ್ಜೆ ನಡೆಸಿದರು. ಕ್ರೂರವೆನಿಸಿತು. ನಡೆದರೆ ಕರುಳು ಬೇಗ ಎಚ್ಚರಗೊಳ್ಳುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ.

ಪುಸ್ತಕದಲ್ಲಿ ಈಗ ಎರಡು ಕಲಮುಗಳಿದ್ದವು, ಒಳಗೆ ಮತ್ತು ಹೊರಗೆ. ಸಲೈನ್ ಎಷ್ಟು ಹೋಯಿತು; ನಳಿಕೆ, ಮೂತ್ರ, ಹೊಟ್ಟೆಯ ಡ್ರೈನ್ ಕೊಳವೆಯಿಂದ ಎಷ್ಟು ಬಂತು. ಎರಡನೆಯ ರಾತ್ರಿ ಮೂರು ಗಂಟೆಗೆ ಕೂಡಿಸಿ ನೋಡಿದರೆ ಆರು ತಾಸಿಗೆ ಮೂತ್ರ ಬರೀ 90 ಮಿ.ಲೀ. ಓಡಿಹೋಗಿ ತೋರಿಸಿದೆ. ತಾಸಿಗೆ 30ಕ್ಕಿಂತ ಇಳಿದರೆ ಹೇಳಲೇಬೇಕಿತ್ತು ಎಂದು ಸಿಸ್ಟರ್ ತಕ್ಷಣ ವೈದ್ಯರಿಗೆ ಕರೆ ಮಾಡಿದರು, ಸಲೈನ್ ಹೆಚ್ಚಿಸಿದರು, ಬೆಳಗಿನೊಳಗೆ ಸರಿಹೋಯಿತು. ಲೆಕ್ಕ ಬರೆಯುವುದು ಹೊಟ್ಟೆಪಾಡು ಎಂದುಕೊಂಡೇ ಇಪ್ಪತ್ತು ವರ್ಷ ಕಳೆದವನು ನಾನು. ಆ ರಾತ್ರಿ ಅದಕ್ಕೆ ಬೇರೆ ಅರ್ಥ ಬಂತು.

ನಾಲ್ಕನೆಯ ದಿನ ಬೆಳಿಗ್ಗೆ ಚೀಲ ಹಪ್ಪಳದಂತೆ ಉಬ್ಬಿತ್ತು. ಗಾಳಿ! ಕರುಳು ಕೆಲಸ ಶುರುಮಾಡಿದೆ ಎಂದು ಸಿಸ್ಟರ್ ನಕ್ಕರು. ಆಯಿ ಅಲ್ಲೇ ಕೈಮುಗಿದು ಮಾರಿಕಾಂಬೆಗೆ ಹರಕೆ ಹೇಳಿಕೊಂಡಳು. ಮೊದಲು ನೀರು, ಮರುದಿನ ಗಂಜಿಯ ತಿಳಿ, ಆಮೇಲೆ ಮೆತ್ತಗಿನ ಗಂಜಿ.

ಚೀಲ ಬದಲಿಸುವುದನ್ನು ಏಳನೆಯ ದಿನ ತೋರಿಸಿದರು. ನಾನು ನಿಂತು ನೋಡಿದೆ, ತಲೆಯಾಡಿಸಿದೆ, ತಿಳಿಯಿತು ಎಂದೆ. ಏನೂ ತಿಳಿದಿರಲಿಲ್ಲ. ಹೊಟ್ಟೆಯ ಮೇಲೆ ಒದ್ದೆಯಾಗಿ, ಕೆಂಪಗೆ, ತನ್ನಷ್ಟಕ್ಕೆ ಮೆಲ್ಲಗೆ ಮಿಸುಕುವ ಆ ಕರುಳಿನ ತುದಿಯನ್ನು ನೋಡಿ ನನ್ನ ಕಿವಿ ಮುಚ್ಚಿಹೋಗಿತ್ತು. ಅಪ್ಪಯ್ಯ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದ. ಬಿಡುಗಡೆಯ ಹಿಂದಿನ ದಿನ ಅದೇ ಹಿರಿಯ ಸಿಸ್ಟರ್, "ಇವತ್ತು ನೀವೇ ಮಾಡಿ, ನಾನು ಕೈ ಕಟ್ಟಿ ನಿಲ್ಲುತ್ತೇನೆ" ಎಂದರು. ಅವರು ಹಾಗೆ ಮಾಡದಿದ್ದರೆ ಮನೆಯಲ್ಲಿ ನಾವು ಸೋಲುತ್ತಿದ್ದೆವು. ನೋಡಿದ್ದು ಕಲಿತದ್ದಲ್ಲ. ಬಿಡುಗಡೆಗೆ ಮೊದಲು ಎರಡು ಸಲವಾದರೂ ನನ್ನ ಕೈಯಿಂದಲೇ ಮಾಡಿಸಿ ಎಂದು ಸಿಸ್ಟರನ್ನು ಕೇಳಿ, ಸಂಕೋಚ ಬೇಡ.

ಅವರು ಹೇಳಿಕೊಟ್ಟದ್ದು ಹೀಗೆ. ಬಾಯಿಯ ಒಳಗಿನ ಬಣ್ಣ ಹೇಗಿದೆಯೋ ಸ್ಟೋಮಾ ಹಾಗೆ ಕೆಂಪಗೆ ಒದ್ದೆಯಾಗಿರಬೇಕು. ನೇರಳೆಗೆ, ಕಪ್ಪಿಗೆ ತಿರುಗಿದರೆ ಕಾಯಬಾರದು, ಆಸ್ಪತ್ರೆಗೆ ಹೊರಡಬೇಕು. ಅದಕ್ಕೆ ನೋವು ತಿಳಿಯುವುದಿಲ್ಲ, ಹಾಗಾಗಿ ಗಾಯವಾದರೂ ರೋಗಿಗೆ ಗೊತ್ತಾಗದು. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಹೆದರಬೇಕಾಗಿಲ್ಲ. ಸುತ್ತಲಿನ ಚರ್ಮಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಡೆಟಾಲ್ ಬೇಡ, ಎಣ್ಣೆ ಬೇಡ, ಮುಖದ ಪೌಡರ್ ಬೇಡ. ಒತ್ತಿ ಒಣಗಿಸಬೇಕು, ಉಜ್ಜಬಾರದು. ಚೀಲದ ಅಂಟುವ ತಟ್ಟೆಯಲ್ಲಿ ತೂತು ಕತ್ತರಿಸುವಾಗ ಸ್ಟೋಮಾದ ಅಳತೆಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ಹೆಚ್ಚಿರಲಿ. ದೊಡ್ಡದಾದರೆ ಮಲ ಚರ್ಮಕ್ಕೆ ತಾಗಿ ಸುಡುತ್ತದೆ, ಚಿಕ್ಕದಾದರೆ ಕರುಳನ್ನು ಕೊರೆಯುತ್ತದೆ. ಮೊದಲ ಆರೆಂಟು ವಾರ ಬಾವು ಇಳಿದು ಸ್ಟೋಮಾ ಚಿಕ್ಕದಾಗುತ್ತ ಹೋಗುವುದರಿಂದ ಪ್ರತಿ ಸಲ ಅಳೆಯಬೇಕು. ಬದಲಿಸಲು ಬೆಳಿಗ್ಗೆ ಖಾಲಿ ಹೊಟ್ಟೆಯ ಹೊತ್ತು ಒಳ್ಳೆಯದು. ಮೂರನೆಯ ಒಂದು ಭಾಗ ತುಂಬಿದಾಗಲೇ ಚೀಲ ಖಾಲಿ ಮಾಡಿಬಿಡಿ, ಇಲ್ಲದಿದ್ದರೆ ಭಾರಕ್ಕೆ ಅಂಟು ಬಿಡುತ್ತದೆ.

ಇಷ್ಟೆಲ್ಲ ಕಲಿತು ಬಂದರೂ ಶಿರಸಿಯ ಮಳೆ ನಮ್ಮನ್ನು ಸೋಲಿಸಿತು. ಗೋಡೆಯೇ ಬೆವರುವ ಆ ದಿನಗಳಲ್ಲಿ ನಾಲ್ಕು ದಿನ ಬರಬೇಕಾದ ಚೀಲ ಒಂದೂವರೆ ದಿನಕ್ಕೆ ಬಿಟ್ಟುಕೊಳ್ಳುತ್ತಿತ್ತು. ಸುತ್ತಲಿನ ಚರ್ಮ ಸಿಪ್ಪೆ ಸುಲಿದಂತೆ ಕೆಂಪಾಯಿತು. ಅಂಗಡಿಯಲ್ಲಿ ಆ ಅಳತೆಯ ಚೀಲ ಇಟ್ಟಿರಲಿಲ್ಲ, ತರಿಸಲು ಎರಡು ಮೂರು ದಿನ ಬೇಕಿತ್ತು. ಹುಬ್ಬಳ್ಳಿಯ ವಾರ್ಡಿಗೆ ಕರೆ ಮಾಡಿದೆ. ಹಸಿ ಚರ್ಮಕ್ಕೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಝಾಡಿಸಿ, ತಟ್ಟೆಯನ್ನು ಮೊದಲು ಅಂಗೈಗಳ ನಡುವೆ ಬೆಚ್ಚಗೆ ಮಾಡಿ, ಅಂಟಿಸಿದ ಮೇಲೆ ಐದು ನಿಮಿಷ ಅಂಗೈ ಒತ್ತಿ ಹಿಡಿಯಲು ಹೇಳಿದರು. ಚೀಲಗಳನ್ನು ಆಯಿಯ ಹಪ್ಪಳದ ಡಬ್ಬಿಯಲ್ಲಿಟ್ಟೆವು; ಮನೆಯಲ್ಲಿ ಥಂಡಿ ಹೊಗದ ಜಾಗ ಅದೊಂದೇ. ವಾರದಲ್ಲಿ ಚರ್ಮ ಮಾಗಿತು. ಚೀಲ ಬದಲಿಸಿದಾಗಲೆಲ್ಲ ಆ ಐದು ನಿಮಿಷ ಅಪ್ಪಯ್ಯನ ಹೊಟ್ಟೆಯ ಮೇಲೆ ಕೈಯಿಟ್ಟು ಕೂರುವಾಗ ನಾವಿಬ್ಬರೂ ಮಾತಾಡತೊಡಗಿದೆವು. ಕೊಳೆ ಔಷಧದ ಬಗ್ಗೆ, ಅಡಿಕೆ ಮರ ಹತ್ತುವ ಕೊನೆಗೌಡರ ಕೂಲಿಯ ಬಗ್ಗೆ. ಅದಕ್ಕೆ ಮೊದಲು ನಾವು ಒಂದೇ ಹೊತ್ತಿಗೆ ಐದು ನಿಮಿಷ ಕೂತು ಮಾತಾಡಿದ ನೆನಪು ನನಗಿಲ್ಲ.

ಒಂದು ವಿಷಯ ಯಾರೂ ಮೊದಲೇ ಹೇಳಲಿಲ್ಲ. ಮೂರನೆಯ ವಾರ ಅಪ್ಪಯ್ಯ ಬಚ್ಚಲಿನಿಂದ ಹೆದರಿ ಕೂಗಿದ, ಕೆಳಗಿನಿಂದ ಬಿಳಿ ಲೋಳೆ ಬಂದಿತ್ತು. ಒಳಗೆ ಮುಚ್ಚಿಟ್ಟ ಕೆಳಗಿನ ಕರುಳು ಲೋಳೆ ಸ್ರವಿಸುವುದನ್ನು ನಿಲ್ಲಿಸುವುದಿಲ್ಲ, ಅದು ಹೊರಬರುವುದು ಸಹಜ. ಕೀವು, ರಕ್ತ, ಜ್ವರ ಇದ್ದರೆ ಮಾತ್ರ ತೋರಿಸಬೇಕು.

ಆಗಸ್ಟ್ ಕೊನೆಗೆ ಪುಸ್ತಕದ ಪುಟ ತಿರುವುವಾಗ ನನಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೊರಗಿನ ಕಲಮು ಕಡಿಮೆಯಾಗುತ್ತಿದೆ, ಚೀಲ ದಿನಕ್ಕೊಂದು ಸಲವೂ ತುಂಬುತ್ತಿಲ್ಲ. ಒಳ್ಳೆಯದಾಯಿತು ಎಂದುಕೊಂಡಿದ್ದೆವು. ಒಳಗಿನ ಕಲಮು ನೋಡಿದರೆ ಮಧ್ಯಾಹ್ನ ಎರಡು ಸೌಟು ಅನ್ನ, ರಾತ್ರಿ ಮಜ್ಜಿಗೆ. ತೂಕ 58ರಿಂದ 49 ಕಿಲೋಗೆ ಇಳಿದಿತ್ತು. ಹಸಿವಿಲ್ಲವೇ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಹೇಳಿದ: "ತಿಂದರೆ ನಿನಗೇ ಕೆಲಸ."

ನಾನು ಎದ್ದು ತೋಟಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಮುಂದಿನ ಚೀಲವನ್ನು ಅವನ ಕೈಗೇ ಕೊಟ್ಟೆ. ಕನ್ನಡಿ ಎದುರಿಗಿಟ್ಟು, ಕತ್ತರಿ ಕೊಟ್ಟು, ನಾನು ಸಿಸ್ಟರಿನಂತೆ ಕೈ ಕಟ್ಟಿ ನಿಂತೆ. ಕೊಳೆ ಔಷಧದ ಬೋರ್ಡೋ ದ್ರಾವಣವನ್ನು ಗ್ರಾಮಿನ ಲೆಕ್ಕದಲ್ಲಿ ಹದಮಾಡುವ ಮನುಷ್ಯ, ನನಗಿಂತ ಚೆನ್ನಾಗಿ ಕತ್ತರಿಸಿದ. ಅಂದಿನಿಂದ ಖಾಲಿ ಮಾಡುವುದು ಅವನೇ, ಬದಲಿಸುವಾಗ ಮಾತ್ರ ನಾನು. ಊಟ ಹೆಚ್ಚಿತು. ಸಣ್ಣ ಸಣ್ಣ ತುತ್ತು, ದಿನಕ್ಕೆ ಐದು ಸಲ. ಹೆಸರುಬೇಳೆ ತೊವ್ವೆ, ಮೊಸರು, ಒಂದೆಲಗದ ತಂಬುಳಿ, ಹುರಿಗಡಲೆ ಪುಡಿ. ಎಲೆಕೋಸು, ಮೂಲಂಗಿ, ಅಲಸಂದೆ ಗಾಳಿ ಮಾಡುತ್ತವೆಂದು ಬಿಟ್ಟೆವು. ಮೊಸರು ಮಜ್ಜಿಗೆ ವಾಸನೆ ತಗ್ಗಿಸಿತು. ಎಲೆಯಡಿಕೆಯ ಕವಳ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ನಮ್ಮ ಮನೆಯಲ್ಲಿ ಚೀಲ ನೋಡಿಕೊಂಡವರು ತೋರಿದ ಪ್ರೀತಿಯೇ ಅವನಿಗೆ ಹೊರೆಯಾಗಿತ್ತು ಎನ್ನುವುದನ್ನು ತಿಳಿಯಲು ನನಗೆ ಏಳು ವಾರ ಬೇಕಾಯಿತು. ನಿಮ್ಮ ಮನೆಯ ರೋಗಿ ಊಟ ಬಿಡುತ್ತಿದ್ದರೆ ಹೊಟ್ಟೆಯ ತೊಂದರೆ ಎಂದಷ್ಟೇ ಎಣಿಸಬೇಡಿ, ಕೇಳಿ.

ಚೌತಿಗೆ ಮೊದಲು ಊರಿನಲ್ಲಿ ಚಕ್ಕುಲಿ ಕಂಬಳ, ಎಲ್ಲರೂ ಒಟ್ಟಿಗೆ ಕೂತು ಚಕ್ಕುಲಿ ಸುತ್ತುವುದು. ಕೈಚಕ್ಕುಲಿ ಸುತ್ತುವುದರಲ್ಲಿ ಅಪ್ಪಯ್ಯನ ಕೈ ನಮ್ಮ ಕೇರಿಯಲ್ಲಿ ಹೆಸರುವಾಸಿ. ವಾಸನೆ ಬಂದರೆ ಎಂದು ಬರುವುದಿಲ್ಲ ಎಂದ. ಹೊಸ ಚೀಲ ಹಾಕಿ, ಮೇಲೆ ಪಟ್ಟಿ ಕಟ್ಟಿ, ಶಾಲು ಹೊದಿಸಿ, ಜಗಲಿಯ ತುದಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆ. ಎರಡೂವರೆ ತಾಸು ಸುತ್ತಿದ. ನಡುವೆ ಒಮ್ಮೆ ಎದ್ದು ಹೋಗಿ ಗಾಳಿ ಬಿಟ್ಟು ಬಂದ. ಹಿಟ್ಟಿನ ಎಳೆ ತಿರುಚುತ್ತ ತಿರುಚುತ್ತ ಸುತ್ತಿನ ಮೇಲೆ ಸುತ್ತು ಕೂರಿಸುವ ಆ ಬೆರಳುಗಳನ್ನು ನೋಡುತ್ತ ಕೂತಿದ್ದೆ. ಯಂತ್ರ ಒಪ್ಪದ ಬೆರಳುಗಳು ಅವೇ.

ಎರಡನೆಯ ಶಸ್ತ್ರಚಿಕಿತ್ಸೆಗೆ ಮೂರು ತಿಂಗಳು ಎಂದಿದ್ದರು. ತೂಕ, ರಕ್ತದ ಪ್ರಮಾಣ, ಪ್ರೋಟೀನ್ ಏರಲಿ ಎಂದು ಎರಡು ಸಲ ಮುಂದೂಡಿದರು. ಪ್ರತಿ ಸಲ ಶಿರಸಿಯಿಂದ ಬೆಳಗಿನ ಬಸ್, ದಿನವಿಡೀ ಸಾಲು, ರಾತ್ರಿ ಮನೆ. ದೊಡ್ಡ ಕರುಳಿನ ಉಳಿದ ಭಾಗವನ್ನು ದುರ್ಬೀನಿನಿಂದ ನೋಡಿದರು. ಡಿಸೆಂಬರ್ ಕೊನೆಯ ವಾರ ಒಳಗಿನ ಎರಡು ತುದಿಗಳನ್ನು ಜೋಡಿಸಿದರು. ಮತ್ತೆ ಅದೇ ನಳಿಕೆ, ಅದೇ ಬಾಯಾರಿಕೆ. ಈ ಸಲ ಅಪ್ಪಯ್ಯನೇ ಹತ್ತಿಬಟ್ಟೆ ಕೇಳಿದ. ಐದನೆಯ ದಿನ ಹೂಸು, ಆರನೆಯ ದಿನ ಮಲ. ಯೋಜನೆಯಲ್ಲಿ ಆಸ್ಪತ್ರೆಯ ಖರ್ಚು ಹೋಯಿತು. ನಮ್ಮ ಕೈಯಿಂದ ಹೋದದ್ದು: ಚೀಲ ಒಂದಕ್ಕೆ 220 ರೂಪಾಯಿಯಂತೆ ಆರು ತಿಂಗಳಿಗೆ ಸುಮಾರು 13,000, ಪೌಡರ್ ಮತ್ತು ಪೇಸ್ಟಿಗೆ 2,400, ಓಡಾಟ ಊಟ ವಸತಿಗೆ 21,000, ಹೊರಗಿನ ಔಷಧ 14,000. ನನ್ನ ಸಂಬಳವಿಲ್ಲದ ರಜೆ ಬೇರೆ.

ಈಗ ದಿನಕ್ಕೆ ನಾಲ್ಕೈದು ಸಲ ಹೋಗಬೇಕಾಗುತ್ತದೆ, ಕೆಲವು ವಾರಗಳಲ್ಲಿ ಹದಕ್ಕೆ ಬರುತ್ತದೆ ಎಂದಿದ್ದಾರೆ. ಭಾರ ಎತ್ತುವಂತಿಲ್ಲ, ಹೊಟ್ಟೆಗೆ ಪಟ್ಟಿ ಕಟ್ಟಿಯೇ ಓಡಾಡಬೇಕು. ಚೀಲವಿದ್ದ ಜಾಗದಲ್ಲಿ ಒಂದು ಗಾಯ ಇನ್ನೂ ಮಾಗುತ್ತಿದೆ, ದಿನಕ್ಕೊಮ್ಮೆ ಡ್ರೆಸಿಂಗ್. ಹಪ್ಪಳದ ಡಬ್ಬಿಯಲ್ಲಿ ಏಳು ಚೀಲ ಉಳಿದಿವೆ. ಗುರುವಾರ ತಪಾಸಣೆಗೆ ಹೋಗುವಾಗ ವಾರ್ಡಿನ ಸಿಸ್ಟರಿಗೆ ಕೊಡುವುದಿದೆ. ಪುಸ್ತಕದಲ್ಲಿ ಅಪ್ಪಯ್ಯ ನಿನ್ನೆ ಎಡಪುಟ ತೆರೆದು ಕೊನೆಕೊಯ್ಲಿನ ಲೆಕ್ಕ ಬರೆಯತೊಡಗಿದ್ದಾನೆ. ಬಲಪುಟ ಇನ್ನೂ ನನ್ನದೇ: ಬೆಳಿಗ್ಗೆ 6.20, ಗಟ್ಟಿ, ನೋವಿಲ್ಲ.